ಕೀಮೋ ನಡೀತಿರುವಾಗ ಈ ಡಬ್ಬಿಗಳನ್ನ ಕೊಡಬಹುದಾ?

ಪ್ರಶ್ನೆ: ಅಮ್ಮನಿಗೆ 58 ವರ್ಷ, ತೂಕ 50 ಕೆಜಿ. ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಈಗ ಕೀಮೋ, 3 ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ 14 ದಿನ ಕೆಪೆಸಿಟಾಬಿನ್ ಮಾತ್ರೆ. ಎರಡನೇ ಸೈಕಲ್‌ನಿಂದ ಭೇದಿ ಶುರುವಾಗಿದೆ. ಚಿಕ್ಕಪ್ಪ ಗ್ಲುಟಮಿನ್ ಪೌಡರ್, ಪ್ರೋಬಯಾಟಿಕ್ ಕ್ಯಾಪ್ಸೂಲ್, ಮಲ್ಟಿವಿಟಮಿನ್ ಮೂರೂ ತಂದುಕೊಟ್ಟಿದ್ದಾರೆ, ಕರುಳಿಗೆ ಒಳ್ಳೇದಂತೆ. ಕೊಡ್ಲಾ ಸಾರ್?
– ಓದುಗಿ, ಹಾಸನ

ಉತ್ತರ: ಮೂರರಲ್ಲಿ ನನಗೆ ಭಯ ಆಗಿದ್ದು ನೀವು ಕೊನೇಲಿ ಬರೆದಿರೋ ಮಲ್ಟಿವಿಟಮಿನ್ ನೋಡಿ ಕಣಮ್ಮ. ಅದರಲ್ಲಿ ಸಾಮಾನ್ಯವಾಗಿ ಫೋಲಿಕ್ ಆಸಿಡ್ ಇರುತ್ತೆ, ಅದು ಕೆಪೆಸಿಟಾಬಿನ್ ಜೊತೆ ಸೇರಿದ್ರೆ ಔಷಧದ ಕಾಟ ಜಾಸ್ತಿ ಆಗಬಹುದು, ಅಂದ್ರೆ ಯಾವ ಭೇದಿ ನಿಲ್ಲಲಿ ಅಂತ ಕೊಡ್ತೀರೋ ಅದೇ ಹೆಚ್ಚಾಗಬಹುದು. ಡಾಕ್ಟರನ್ನ ಕೇಳೋ ತನಕ ಅದನ್ನ ಎತ್ತಿಡಿ. ಹಾಗಂತ ಸೊಪ್ಪಿನ ಸಾರಿಗೆ ಹೆದರಬೇಡಿ, ನಾನು ಹೇಳ್ತಿರೋದು ಮಾತ್ರೆ ವಿಷಯ.

ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗ್ತಾ ಇರುತ್ತೆ, ಬೇಗ ಬೆಳೆಯೋ ಕಣಗಳನ್ನ ಹೊಡೆಯೋದೇ ಕೀಮೋ ಕೆಲಸ, ಅದಕ್ಕೇ ಹೊಟ್ಟೆಗೆ ಪೆಟ್ಟು. ಗ್ಲುಟಮಿನ್ ಆ ಕಣಗಳಿಗೆ ಆಹಾರ ಅನ್ನೋದು ನಿಜವೇ, ಆದ್ರೆ ಭೇದಿ ತಡೆಯೋ ವಿಷಯದಲ್ಲಿ ಒಂದು ಅಧ್ಯಯನ ಹೌದು ಅಂದ್ರೆ ಇನ್ನೊಂದು ಇಲ್ಲ ಅನ್ನುತ್ತೆ, ಲಿವರ್ ಕಿಡ್ನಿ ರಿಪೋರ್ಟ್ ನೋಡದೆ ಶುರು ಮಾಡೋದು ಬೇಡ. ಪ್ರೋಬಯಾಟಿಕ್ ಅಂದ್ರೆ ಜೀವಂತ ಬ್ಯಾಕ್ಟೀರಿಯಾ. ಕೀಮೋ ಆಗಿ 7ರಿಂದ 14 ದಿನದೊಳಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತಲ್ಲ, ಆಗ ಅಪರೂಪಕ್ಕೆ ಈ ಬ್ಯಾಕ್ಟೀರಿಯಾಗಳೇ ರಕ್ತಕ್ಕೆ ಸೇರಿ ಸೋಂಕು ಮಾಡಿರೋದುಂಟು. ಕಾದ ಹಾಲಿಗೆ ಮನೇಲೇ ಹೆಪ್ಪು ಹಾಕಿದ ತಾಜಾ ಮೊಸರಿಗೂ ರಕ್ತಕಣದ ಕೌಂಟ್ ನೋಡಿ ಡಾಕ್ಟರ್ ಹೂಂ ಅನ್ನಲಿ. ಫ್ರಿಜ್‌ನಿಂದ ತೆಗೆದ ಮಜ್ಜಿಗೆ ಮಾತ್ರ ಬೇಡವೇ ಬೇಡ, ಆಕ್ಸಾಲಿಪ್ಲಾಟಿನ್ ಆದ ಮೇಲೆ ಕೆಲವು ದಿನ ತಣ್ಣಗಿರೋದು ತಗುಲಿದ್ರೆ ಗಂಟಲು, ಬೆರಳು ಜುಂ ಅನ್ನುತ್ತೆ.

ಪೌಡರ್‌ಗಿಂತ ಊಟದ ಲೆಕ್ಕ ಹಾಕಿ. ಅಮ್ಮನಿಗೆ ದಿನಕ್ಕೆ 50ರಿಂದ 75 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಲ್ಲಿ ಸಿಗೋದು ಸುಮಾರು 6 ಗ್ರಾಂ, ಒಂದು ಲೋಟ ಹಾಲಲ್ಲೂ ಅಷ್ಟೇ, ಹಾಗಾಗಿ ಬರೀ ಗಂಜಿ ಸಾಲಲ್ಲ. ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಸ್ವಲ್ಪ ಸ್ವಲ್ಪ ಆರು ಸಲ ಕೊಡಿ. ಭೇದಿ ಇರುವಾಗ ಖಾರ, ಕರಿದದ್ದು, ಹಸಿ ತರಕಾರಿ ಬೇಡ, ಹಾಲು ಕುಡಿದ್ರೆ ಹೆಚ್ಚಾಗುತ್ತೆ ಅನ್ನಿಸಿದ್ರೆ ಅದೂ ಬೇಡ, ಓಆರ್‌ಎಸ್ ಕೈಗೆ ಸಿಗೋ ಹಾಗಿಡಿ.

ಭೇದಿ ದಿನಕ್ಕೆಷ್ಟು ಸಲ ಅಂತ ನೀವು ಬರೆದೇ ಇಲ್ಲ. ಮಾಮೂಲಿಗಿಂತ 4 ಸಲ ಜಾಸ್ತಿ ಆದ್ರೆ, ಇಲ್ಲ ರಾತ್ರಿ ಎದ್ದು ಹೋಗೋ ಹಾಗಾದ್ರೆ, ಮುಂದಿನ ಕೆಪೆಸಿಟಾಬಿನ್ ಕೊಡದೆ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಜ್ವರ 100.4 ದಾಟಿದ್ರೆ ಫೋನೂ ಬೇಡ, ನೇರ ಹೊರಡಿ.

ಚಿಕ್ಕಪ್ಪನಿಗೆ ಬೇಜಾರಾಗುತ್ತೆ ಅಂತಿದ್ರೆ ಮೂರೂ ಡಬ್ಬಿ ಬ್ಯಾಗಲ್ಲಿ ಹಾಕ್ಕೊಂಡು ಮುಂದಿನ ಸಲ ಡಾಕ್ಟರ್ ಮುಂದೆ ಇಡಿ, ಬೇಡ ಅನ್ನೋದು ಅವರ ಬಾಯಿಂದಲೇ ಬರಲಿ.