ದಿನಚರಿಯಲ್ಲಿ ನನ್ನ ಮಾತೇ ಕಾಣುತ್ತಿಲ್ಲ

ಪ್ರಶ್ನೆ: ನಾನು ಮಂಡ್ಯದ ಹತ್ತಿರದ ಹಳ್ಳಿಯ ಗೃಹಿಣಿ. ಯುಗಾದಿಯ ದಿನ ಒಂದು ನೋಟ್ ಪುಸ್ತಕ ತಂದು ದಿನಚರಿ ಬರೆಯಲು ತೊಡಗಿದೆ. ಮೂರು ತಿಂಗಳಾದ ಮೇಲೆ ತಿರುವಿ ನೋಡಿದರೆ, ‘ಎದ್ದೆ, ಡೈರಿಗೆ ಹಾಲು ಹಾಕಿದೆ, ಅಡುಗೆ ಮಾಡಿದೆ, ಮಲಗಿದೆ’ ಎಂಬುದೇ ಪುಟಪುಟದಲ್ಲೂ ಇದೆ. ಮನಸ್ಸಿನಲ್ಲಿದ್ದುದನ್ನು ಬರೆಯಹೊರಟರೆ ಪಠ್ಯಪುಸ್ತಕದ ಭಾಷೆ ಬಂದುಬಿಡುತ್ತದೆ. ಅದು ನಾನಲ್ಲ ಅನ್ನಿಸುತ್ತದೆ. ಮನೆಯವರು ಓದಿಬಿಟ್ಟಾರೆಂಬ ಅಂಜಿಕೆಯೂ ಇದೆ. ಮುಂದುವರಿಸಲೇ?

ಉತ್ತರ: ದಯವಿಟ್ಟು ಮುಂದುವರಿಸಿ. ‘ಅದು ನಾನಲ್ಲ’ ಎಂದು ನಿಮಗೆ ಕೇಳಿಸಿತಲ್ಲ, ಆ ಕಿವಿಯನ್ನು ಹರಿತಗೊಳಿಸಿದ್ದು ಈ ಮೂರು ತಿಂಗಳ ಬರವಣಿಗೆಯೇ.

ಡೈರಿಗೆ ಹಾಲು ಹಾಕಿದೆ ಎಂಬ ವಾಕ್ಯ ವರ್ಷದ ಯಾವ ದಿನಕ್ಕಾದರೂ ಹೊಂದುತ್ತದೆ. ಆ ದಿನಕ್ಕೆ ಮಾತ್ರ ಸೇರಿದ್ದನ್ನು ಹುಡುಕಿ: ಸಾಲಿನಲ್ಲಿ ಮುಂದೆ ನಿಂತ ಅಜ್ಜಿ ಕ್ಯಾನನ್ನು ಎಡಗೈಗೆ ಬದಲಿಸಿಕೊಂಡದ್ದು, ಆಲೆಮನೆಯ ಪಾಕದ ವಾಸನೆಗೆ ತವರು ನೆನಪಾದದ್ದು, ಕನ್ನಂಬಾಡಿಯಿಂದ ಬಿಟ್ಟ ಮೊದಲ ನೀರು ತರಗೆಲೆ ತಳ್ಳಿಕೊಂಡು ನಿಮ್ಮೂರ ನಾಲೆಗೆ ಬಂದಾಗ ಮಕ್ಕಳು ಅದರ ಜೊತೆಜೊತೆಗೇ ಏರಿಯ ಮೇಲೆ ಓಡಿದ್ದು. 1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರ ಹೊತ್ತಿ ಉರಿಯುತ್ತಿದ್ದಾಗ, ನೌಕಾಪಡೆಯ ಆಡಳಿತದಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಅಧಿಕಾರಿ, ತೋಟದಲ್ಲಿ ಗುಂಡಿ ತೋಡಿ ತನ್ನ ವೈನಿನೊಂದಿಗೆ ಪಾರ್ಮೆಸಾನ್ ಚೀಸನ್ನೂ ಹೂತಿಟ್ಟ ಸಂಗತಿಯನ್ನು ದಿನಚರಿಯಲ್ಲಿ ಬರೆದಿಟ್ಟ. ಆ ಬೆಂಕಿಯ ವರ್ಣನೆ ಬೇರೆಯವರ ಬರಹದಲ್ಲೂ ಸಿಗುತ್ತದೆ; ಆದರೆ ಮನೆ ಸುಟ್ಟೀತೆಂಬ ಭಯದ ನಡುವೆ ಒಬ್ಬ ಮನುಷ್ಯನಿಗೆ ಯಾವುದು ಉಳಿಯಬೇಕೆನ್ನಿಸಿತು ಎಂಬುದು ನಮಗೆ ಕಾಣುವುದು ಆ ಚೀಸಿನಿಂದ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಿಮ್ಮ ಅವ್ವ ‘ಬಾ ಮಗ, ಒಂದ್ ತುತ್ತು ಉಣ್ಕೋ’ ಎಂದಿದ್ದರೆ, ಅದನ್ನು ‘ತಾಯಿಯವರು ಊಟಕ್ಕೆ ಆಹ್ವಾನಿಸಿದರು’ ಎಂದು ತಿದ್ದಬೇಡಿ. ಹಾಗೆ ತಿದ್ದಿದರೆ ಅವ್ವನ ದನಿಯೂ ಹೋಗುತ್ತದೆ, ಅದನ್ನು ಕೇಳಿ ನಿಮಗಾದ ಹಿತವೂ ಹೋಗುತ್ತದೆ. ಬರೆದ ಮೇಲೆ ಮೆಲ್ಲಗೆ ಓದಿಕೊಳ್ಳಿ; ನಿಮ್ಮ ನಾಲಿಗೆ ಆಡದ ಮಾತು ಎಲ್ಲಿದ್ದರೂ ಅಲ್ಲಿ ತಡವರಿಸುತ್ತದೆ.

ಅಂಜಿಕೆ ಸಹಜವಾದದ್ದೇ. ಪೀಪ್ಸ್ ಕೂಡ 1660ರಿಂದ 1669ರವರೆಗಿನ ತನ್ನ ದಿನಚರಿಯನ್ನು ಶೀಘ್ರಲಿಪಿಯಲ್ಲಿ ಬರೆದ. ನೀವು ಹೆಸರುಗಳ ಬದಲು ಗುರುತುಗಳನ್ನು ಬಳಸಬಹುದು. ತೀರಾ ನೋವಿನದನ್ನು ಬಿಡಿಹಾಳೆಯಲ್ಲಿ ಬರೆದು ಒಲೆಗೆ ಹಾಕಿದರೂ ತಪ್ಪಿಲ್ಲ, ಏಕೆಂದರೆ ಹೇಳಲಾಗದ್ದಕ್ಕೆ ಒಮ್ಮೆ ಮಾತು ಹುಡುಕಿಕೊಟ್ಟ ಕೆಲಸ ಹಾಳೆಯೊಂದಿಗೆ ಸುಟ್ಟುಹೋಗುವುದಿಲ್ಲ.

ನಾಳೆ ಡೈರಿಯಿಂದ ಹಿಂದಿರುಗಿದ ಮೇಲೆ ಹತ್ತು ನಿಮಿಷ ಕುಳಿತು, ದಾರಿಯಲ್ಲಿ ಕಂಡ ಒಂದೇ ಒಂದು ಸಂಗತಿಯನ್ನು ಗೆಳತಿಗೆ ಹೇಳುವಂತೆ ಬರೆಯಿರಿ. ಹಾಲಿನ ಲೆಕ್ಕ ಬೇಕೆನಿಸಿದರೆ ಅದಕ್ಕೆ ಕೊನೆಯ ಪುಟವಿರಲಿ.