ಮೊಸಳೆ ಮರಿಯಂಥ ಹುಳಕ್ಕೆ ಔಷಧಿ ಹೊಡೆಸಲಾ?

ಪ್ರಶ್ನೆ: ಬಾಲ್ಕನಿಯ ಅಲಸಂದೆ ಬಳ್ಳಿಗೆ ಕಪ್ಪು ಹೇನು ಮುತ್ತಿದೆ. ಜೊತೆಗೆ ಪುಟ್ಟ ಮೊಸಳೆಯಂಥ ಹುಳಗಳೂ ಓಡಾಡುತ್ತಿವೆ. ಕಪ್ಪು ಮೈ, ಕಿತ್ತಳೆ ಚುಕ್ಕೆ. ಸೊಸೈಟಿಯ ಮಾಲಿ ಔಷಧಿ ಹೊಡೆಯುತ್ತೇನೆ ಅನ್ನುತ್ತಾನೆ. ಹೊಡೆಸಲಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬೇಡ ತಾಯಿ, ಮಾಲಿಗೆ ಒಂದು ಚಹಾ ಕೊಟ್ಟು ಕಳಿಸಿ! ಆ ಮೊಸಳೆ ಮರಿಗಳು ಗುಲಗಂಜಿ ಹುಳದ ಮಕ್ಕಳು. ಹೇನೇ ಅವುಗಳ ಊಟ. ಏಳು ಚುಕ್ಕೆಯ ಜಾತಿಯದೊಂದು ಹುಳ ಬದುಕಿಡೀ ಸಾವಿರಾರು ಹೇನು ತಿನ್ನುತ್ತದೆ.

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಮುಲುಂಡ್‌ನ ನಮ್ಮ ಬಾಲ್ಕನಿಯಲ್ಲಿ ಇದೇ ಹುಳ ಕಂಡು ಹೆದರಿ ಔಷಧಿ ಹೊಡೆದೆ. ಎಲ್ಲ ಸತ್ತವು. ಎರಡು ವಾರಕ್ಕೆ ಹೇನು ಮೊದಲಿಗಿಂತ ಜಾಸ್ತಿ! ಹೆಣ್ಣು ಹೇನಿಗೆ ಗಂಡೇ ಬೇಕಿಲ್ಲ, ನೇರವಾಗಿ ಮರಿ ಹಾಕುತ್ತದೆ. ಆ ಮರಿ ವಾರ, ಹತ್ತು ದಿನಕ್ಕೆ ತಾನೂ ತಾಯಿ. ಗುಲಗಂಜಿ ಹುಳ ಮೊಟ್ಟೆಯಿಂದ ದೊಡ್ಡದಾಗಲು ಮೂರ್ನಾಲ್ಕು ವಾರ ಬೇಕು. ಓಟದಲ್ಲಿ ಯಾರು ಗೆಲ್ಲುತ್ತಾರೆ ಹೇಳಿ?

ಕ್ಯಾಲಿಫೋರ್ನಿಯಾದಲ್ಲೂ ಹೀಗೇ ಆಯಿತು. ಅಲ್ಲಿನ ಕಿತ್ತಳೆ ತೋಟಗಳನ್ನು ಬಿಳಿ ಹಿಟ್ಟು ತಿಗಣೆಯಂಥದೊಂದು ಕೀಟ ಹಾಳು ಮಾಡುತ್ತಿತ್ತು. 1888ರಲ್ಲಿ ಆಸ್ಟ್ರೇಲಿಯಾದಿಂದ ಗುಲಗಂಜಿ ಹುಳದ ಒಂದು ಜಾತಿ ತಂದು ಬಿಟ್ಟರು, ತೋಟ ಉಳಿಯಿತು. 1940ರ ದಶಕದಲ್ಲಿ ಡಿಡಿಟಿ ಹೊಡೆದರು. ಕಾವಲು ಹುಳ ಸತ್ತು, ಹಳೇ ಕೀಟ ಮತ್ತೆ ಹಾಜರು.

ಈಗ ಬಳ್ಳಿಯ ತುದಿಗಳಿಗೆ ಬರೀ ನೀರು ಜೋರಾಗಿ ಚಿಮುಕಿಸಿ, ಹೇನು ಉದುರುತ್ತದೆ. ಮೊಸಳೆ ಮರಿಗಳಿರುವ ಎಲೆ ಮಾತ್ರ ಬಿಟ್ಟುಬಿಡಿ. ಬೇವಿನೆಣ್ಣೆಯೂ ಸದ್ಯಕ್ಕೆ ಬೇಡ. ಅಂದ ಹಾಗೆ, ಇರುವೆ ಸಾಲು ಇದೆಯಾ ನೋಡಿ. ಹೇನಿನ ಸಿಹಿ ಅಂಟಿನ ಆಸೆಗೆ ಇರುವೆಗಳು ಈ ಮರಿಗಳನ್ನು ಓಡಿಸುತ್ತವೆ.