ಬಡಿದಷ್ಟೂ ಬಿರುಸಾಗುವ ತಾಮ್ರ

ಪ್ರಶ್ನೆ: ಧಾರವಾಡದಿಂದ ಪುಣೆಗೆ ಬಂದಿರುವ ನಾನು ಇಲ್ಲಿನ ಲೋಹಕಲೆಯ ಕಾರ್ಯಾಗಾರವೊಂದಕ್ಕೆ ಸೇರಿದ್ದೇನೆ. ಮೊದಲ ದಿನ ಗುರುಗಳು ಚಿತ್ರವನ್ನೂ ಬರೆಸಲಿಲ್ಲ, ಕೆತ್ತನೆಯನ್ನೂ ತೋರಿಸಲಿಲ್ಲ. ದುಂಡಗೆ ಕತ್ತರಿಸಿದ ತಾಮ್ರದ ತಗಡನ್ನು ಕೈಗಿತ್ತು ಬಟ್ಟಲು ಬಡಿಯಲು ಹೇಳಿದರು. ಮೊದಲು ಸಲೀಸಾಗಿ ಬಗ್ಗುತ್ತಿದ್ದ ತಗಡು ಸ್ವಲ್ಪ ಹೊತ್ತಿನಲ್ಲೇ ಬಿರುಸಾಗಿ, ಅಂಚಿನಲ್ಲಿ ಸಣ್ಣದೊಂದು ಸೀಳು ಕಾಣಿಸಿತು. ಗುರುಗಳು ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರು, ಮತ್ತೆ ಮೆತ್ತಗಾಯಿತು. ಕಾದ ಕಬ್ಬಿಣವನ್ನು ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆಂದು ಕೇಳಿದ್ದೇನೆ. ತಾಮ್ರಕ್ಕೇಕೆ ಈ ವಿಪರೀತ? ಮುಂದೆ ಬಿದರಿ ಕಲಿಯಬೇಕೆಂದಿರುವ ನನಗೆ ಈ ಬಡಿತದಿಂದ ಪ್ರಯೋಜನವುಂಟೇ?
– ಓದುಗರೊಬ್ಬರು, ಪುಣೆ

ಉತ್ತರ: ತಾಮ್ರದ ತಗಡು ಸಣ್ಣ ಸಣ್ಣ ಹರಳುಗಳಿಂದ (ಸ್ಫಟಿಕಗಳಿಂದ) ಕೂಡಿದ್ದು, ಅವುಗಳೊಳಗೆ ಪರಮಾಣುಗಳು ಸಾಲುಸಾಲಾಗಿ ಜೋಡಣೆಗೊಂಡಿರುತ್ತವೆ. ಸುತ್ತಿಗೆಯ ಪೆಟ್ಟಿಗೆ ಆ ಸಾಲುಗಳು ಜಾರುವುದರಿಂದಲೇ ತಗಡು ಬಗ್ಗುತ್ತದೆ. ಆದರೆ ಜಾರಿದಂತೆಲ್ಲ ಜೋಡಣೆಯಲ್ಲಿನ ದೋಷಗಳು ಹೆಚ್ಚಿ, ಒಂದಕ್ಕೊಂದು ತೊಡರಿಕೊಂಡು, ಮುಂದಿನ ಜಾರಿಕೆಗೆ ತಾವೇ ಅಡ್ಡಿಯಾಗುತ್ತವೆ. ಆ ಸ್ಥಿತಿಯಲ್ಲೂ ಬಡಿಯುತ್ತ ಹೋದರೆ ಬಗ್ಗಲಾರದ ಲೋಹ ಸೀಳುತ್ತದೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಅದಕ್ಕಿಂತ ಬಹಳ ಕೆಳಗೆ, ಮಂದ ಕೆಂಪು ಬಣ್ಣ ಬರುವಷ್ಟು ಕಾಯಿಸಿದರೆ ಸಾಕು, ಹಳೆಯ ಹರಳುಗಳ ಜಾಗದಲ್ಲಿ ತೊಡಕಿಲ್ಲದ ಹೊಸ ಹರಳುಗಳು ಹುಟ್ಟಿ ತಗಡು ಹದಕ್ಕೆ ಬರುತ್ತದೆ. ಹಾಗೆಂದು ಬೆಂಕಿಯಲ್ಲೇ ಬಿಡಬಾರದು. ಹೊಸ ಹರಳುಗಳು ದಪ್ಪಗೆ ಬೆಳೆದುಬಿಟ್ಟರೆ, ಮುಂದೆ ಬಗ್ಗಿಸುವಾಗ ತಗಡಿನ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ.

ಇನ್ನು ನೀರಿನ ಮಾತು. ಕಾದ ಕಬ್ಬಿಣವೆಲ್ಲ ನೀರಿಗೆ ಬಿದ್ದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಸಾಕಷ್ಟು ಇಂಗಾಲವಿರುವ ಉಕ್ಕು ಮಾತ್ರ ಹಾಗಾಗುತ್ತದೆ, ಏಕೆಂದರೆ ದಿಢೀರನೆ ತಣಿದಾಗ ಅದರ ಇಂಗಾಲ ಹೊರಬರಲು ಸಮಯವಿಲ್ಲದೆ ಹರಳಿನೊಳಗೇ ಸಿಕ್ಕಿಬೀಳುತ್ತದೆ. ತಾಮ್ರದಲ್ಲಿ ಅಂಥ ಮಾರ್ಪಾಡು ಇಲ್ಲ. ನಿಮ್ಮ ಗುರುಗಳು ಅದನ್ನು ಗಾಳಿಯಲ್ಲೇ ಆರಲು ಬಿಟ್ಟಿದ್ದರೂ ಅಷ್ಟೇ ಮೆತ್ತಗಾಗುತ್ತಿತ್ತು. ನೀರಿನಿಂದ ಹೊತ್ತು ಉಳಿಯುತ್ತದೆ, ಜೊತೆಗೆ ಮೇಲೆ ಕಟ್ಟಿದ ಕಪ್ಪು ಪೊರೆ ಬಹುಪಾಲು ಸಿಡಿದು ಉದುರುತ್ತದೆ.

ಆ ಸೀಳನ್ನು ಮಾತ್ರ ಬೆಂಕಿ ಮುಚ್ಚಲಾರದು. ಅದರ ಬುಡದವರೆಗೂ ಅರದಿಂದ ಉಜ್ಜಿ ತೆಗೆಯದೆ ಬಡಿದರೆ ಸೀಳು ಒಳಕ್ಕೆ ಓಡುತ್ತದೆ. ಮತ್ತೆ ಕಾಯಿಸುವ ಸಮಯ ಬಂದಿತೆಂಬುದನ್ನು ಕಿವಿಯಿಂದ ತಿಳಿಯಬೇಕು: ಹದದಲ್ಲಿರುವ ತಾಮ್ರ ಪೆಟ್ಟಿಗೆ ಮಂದವಾಗಿ ಸದ್ದು ಮಾಡುತ್ತದೆ, ಬಿರುಸಾದದ್ದು ಠಣ್ಣೆಂದು ಸುತ್ತಿಗೆಯನ್ನು ಹಿಂದಕ್ಕೆ ಪುಟಿಸುತ್ತದೆ. ಕಾಯಿಸುವಾಗ ಕಣ್ಣು ಬೇಕು. ಬಿಸಿಲಿನಲ್ಲಿ ಮಂದ ಕೆಂಪು ಕಾಣುವುದೇ ಇಲ್ಲವಾದ್ದರಿಂದ ಈ ಕೆಲಸವನ್ನು ನಸುಗತ್ತಲಿನ ಮೂಲೆಯಲ್ಲಿ ಮಾಡುವುದು ಒಳ್ಳೆಯದು. ಈ ಎರಡೂ ಪುಸ್ತಕದಿಂದ ಬರುವಂಥವಲ್ಲವಾದ್ದರಿಂದ ಮೊದಲ ದಿನವೇ ಬಟ್ಟಲು ಬಡಿಸಿದ ಗುರುಗಳ ಕ್ರಮ ಸರಿಯೆಂದೇ ನನ್ನ ಅಭಿಪ್ರಾಯ.

ನೀವು ಪುಣೆಯಲ್ಲಿಯೇ ಇರುವುದರಿಂದ ಬಿಡುವಿನ ದಿನ ಕಸಬಾ ಪೇಠೆಯ ತಾಂಬಟ್ ಆಳಿಗೆ ಹೋಗಿ ಬನ್ನಿ. ಪೇಶ್ವೆಯರ ಕಾಲದಿಂದ ತಾಮ್ರದ ಕೆಲಸಗಾರರು ನೆಲೆಸಿರುವ ಓಣಿ ಅದು. ಹಂಡೆ, ಕೊಡಗಳ ಮೈತುಂಬ ಸಾಲಾಗಿ ಹೊಳೆಯುವ ಗುಳಿಗಳನ್ನು ಮೂಡಿಸುವ ‘ಮಠಾರಕಾಮ’ ಅಲ್ಲಿನ ವಿಶೇಷ. ನೋಡುವವರಿಗೆ ಅದು ಅಲಂಕಾರವಷ್ಟೇ; ವಾಸ್ತವದಲ್ಲಿ ನಿಮ್ಮನ್ನು ಕಾಡಿದ ಬಿರುಸುತನವನ್ನೇ ಅಲ್ಲಿ ಬೇಕೆಂದು ತರಿಸಲಾಗುತ್ತದೆ, ಏಕೆಂದರೆ ಆಕಾರ ಮುಗಿದ ಮೇಲೆ ಪಾತ್ರೆ ಮೆತ್ತಗಿದ್ದರೆ ನೀರು ತುಂಬಿ ಎತ್ತುವಾಗಲೇ ನೆಗ್ಗುತ್ತದೆ. ಅವರ ಸುತ್ತಿಗೆಯ ಮುಖವನ್ನು ಹತ್ತಿರದಿಂದ ಗಮನಿಸಿ. ಅದು ನುಣುಪಾಗಿ ಹೊಳೆಯುತ್ತಿರಬೇಕು. ಅದರಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಪ್ರತಿ ಪೆಟ್ಟಿನಲ್ಲೂ ಆ ಗೀರು ತಾಮ್ರದ ಮೇಲೆ ಅಚ್ಚಾಗುತ್ತದೆ. ನಿಮ್ಮ ಸುತ್ತಿಗೆಯಿಂದ ಮೊಳೆ ಹೊಡೆಯಲು ಯಾರಿಗೂ ಕೊಡಬೇಡಿ.

ನೀವು ಕೇಳದಿದ್ದರೂ ಹೇಳಬೇಕಾದದ್ದು: ನೈಲಾನ್ ದುಪಟ್ಟಾ ಬೆಂಕಿಯ ಬಳಿ ಬೇಡ, ಹತ್ತಿಯ ಬಟ್ಟೆಯಿರಲಿ, ಕಿವಿಗೆ ರಕ್ಷಣೆ ಬೇಕು, ತಗಡು ಶುಚಿಮಾಡುವ ದ್ರಾವಣ ತಯಾರಿಸುವಾಗ ನೀರಿಗೆ ಆಮ್ಲವನ್ನು ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ.

ಬಿದರಿಯ ದಾರಿ ಬೇರೆ. ಅದರ ಲೋಹದಲ್ಲಿ ಹೆಚ್ಚಿನದು ಸತು, ತಾಮ್ರ ಅಲ್ಪ. ಅದನ್ನು ಬಡಿದು ಪಾತ್ರೆ ಮಾಡುವುದಿಲ್ಲ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಬಳಿಕ ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರವೆಂಬ ಲವಣ (ಅಮೋನಿಯಂ ಕ್ಲೋರೈಡ್) ಬೆರೆಸಿದ ನೀರಿನಿಂದ ಮೈಯನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಟ್ಟಲು ಎಬ್ಬಿಸುವ ಕೌಶಲ ಅಲ್ಲಿ ನೇರವಾಗಿ ಬೇಕಾಗುವುದಿಲ್ಲ. ಆದರೆ ಬೆಳ್ಳಿಯೂ ತಾಮ್ರದಂತೆ ಬಡಿದರೆ ಬಿರುಸಾಗಿ, ಕಾಯಿಸಿದರೆ ಮೆತ್ತಗಾಗುವ ಲೋಹ; ಗೆರೆಯೊಳಗೆ ತಂತಿ ಅಡಗಿ ಕೂರಬೇಕಾದರೆ ಅದು ಹದದಲ್ಲಿರಬೇಕು. ಅಷ್ಟರ ಮಟ್ಟಿಗೆ ಈ ಪಾಠ ನಿಮಗೆ ಒದಗುತ್ತದೆ. ಉಳಿ ಹಿಡಿದು ಕೆತ್ತುವ ಅಭ್ಯಾಸವನ್ನು ನಿಮ್ಮ ಕಾರ್ಯಾಗಾರದಲ್ಲಿ ಯಾವಾಗ ಆರಂಭಿಸುತ್ತಾರೆ, ಎಷ್ಟು ಕಾಲ ಮಾಡಿಸುತ್ತಾರೆ ಎಂಬುದನ್ನು ಗುರುಗಳಲ್ಲಿ ಈಗಲೇ ವಿಚಾರಿಸಿಕೊಳ್ಳಿ. ಬಿದರಿಗೆ ಹೋಗುವವರಿಗೆ ಹೆಚ್ಚು ಬೇಕಾಗುವುದು ಅದೇ.